ಹಳೆಯ ಟ್ರಾನ್ಸಿಸ್ಟರ್ ಆಂಪ್ಲಿಫೈಯರ್: ನಾದಕ್ಕೆ ಪೂರ್ತಿ ಅಂಕ, ಜ್ಯಾಕ್‌ಗೆ ಸೊನ್ನೆ

ಶಿವಮೊಗ್ಗದ ಆರ್ಕೆಸ್ಟ್ರಾ ತಂಡವೊಂದು ಚದುರಿಹೋದಾಗ ಅವರ ಸಾಮಾನುಗಳ ನಡುವೆ ಸಿಕ್ಕಿದ ಆಂಪ್ಲಿಫೈಯರ್ ಇದು. ಎಷ್ಟು ವ್ಯಾಟ್, ಎಷ್ಟು ಇಂಚಿನ ಸ್ಪೀಕರ್ ಎಂಬುದನ್ನೆಲ್ಲ ಹುಡುಕಿದರೆ ಯಾರಿಗಾದರೂ ಸಿಗುತ್ತದೆ. ನಾನು ಬರೆಯಲು ಕುಳಿತಿರುವುದು ಅದರ ಮುಂಭಾಗದಲ್ಲಿ ವೈರಿನ ಪಿನ್ ಚುಚ್ಚುವ ಎರಡು ತೂತುಗಳ, ಅಂದರೆ ಜ್ಯಾಕ್‌ಗಳ ಬಗ್ಗೆ.

ನಾದದ ವಿಷಯದಲ್ಲಿ ತಕರಾರಿಲ್ಲ. ಕೀಬೋರ್ಡಿನ ಹಾರ್ಮೋನಿಯಂ ಸ್ವರವನ್ನು ಇದ್ದದ್ದು ಇದ್ದಂತೆ ಕೇಳಿಸುತ್ತದೆ, ಮಂದ್ರದಲ್ಲಿ ಗೊಗ್ಗರಾಗುವುದಿಲ್ಲ. ಟ್ರಾನ್ಸಿಸ್ಟರಿನ ಬದಲು ಗಾಜಿನ ಕೊಳವೆಗಳಿರುವ ವಾಲ್ವ್ ಆಂಪ್ಲಿಫೈಯರಿನ ನಾದವೇ ನಾದ ಎನ್ನುವವರು ಇದ್ದಾರೆ, ಇರಲಿ. ವಾಲ್ವ್ ಸವೆದರೆ ತೀರ್ಥಹಳ್ಳಿಯಲ್ಲಿ ಎಲ್ಲಿ ಹುಡುಕುವುದು? ರೋಲ್ಯಾಂಡ್ ಕಂಪನಿ 1975ರಲ್ಲಿ ತಂದ ಜೆಸಿ-120 ಎಂಬ ಗಿಟಾರ್ ಆಂಪ್ಲಿಫೈಯರ್ ಕೂಡ ಟ್ರಾನ್ಸಿಸ್ಟರಿನದೇ. ಅದು ಇಂದಿಗೂ ವೇದಿಕೆಗಳ ಮೇಲೆ ಇದೆ. ಈ ಜಾತಿಯ ಯಂತ್ರಗಳಲ್ಲಿ ಮೊದಲು ಹಾಳಾಗುವುದು ಹೆಚ್ಚಾಗಿ ಟ್ರಾನ್ಸಿಸ್ಟರ್ ಅಲ್ಲ, ಕೈ ತಾಗುವ ಜಾಗಗಳು.

ನನ್ನದರಲ್ಲೂ ಅದೇ ಆಯಿತು. ಸಂಜೆ ದೇವರಿಗೆ ದೀಪ ಹಚ್ಚಿದ ಮೇಲೆ ಹಳೆಯ ಪಂಚೆಯ ಹೊದಿಕೆ ತೆಗೆದು, ಪಿನ್ ಚುಚ್ಚಿ, ವಾಲ್ಯೂಮನ್ನು ಸೊನ್ನೆಯಿಂದ ಮೆಲ್ಲಗೆ ಏರಿಸುವುದು ನನ್ನ ಕ್ರಮ. ಆರಿದ್ರಾ ಮಳೆ ಹಿಡಿಯಿತೆಂದರೆ ಆ ಕ್ರಮಕ್ಕೆ ಕರಕರ ಸದ್ದೂ ಸೇರುತ್ತಿತ್ತು. ಪಿನ್ನನ್ನು ತುಸು ಎಡಕ್ಕೆ ತಿರುಗಿಸಿ, ಒಂದಿಷ್ಟು ಮೇಲಕ್ಕೆತ್ತಿ, ಕೆಳಗೆ ಅಡಿಕೆ ಹಾಳೆಯ ತುಂಡೊಂದನ್ನು ಮಡಚಿ ಒತ್ತುಕೊಟ್ಟರೆ ಸ್ವರ ಬರುತ್ತಿತ್ತು. ಭಜನೆಯ ಮಧ್ಯೆ ಯಾರಾದರೂ ವೈರು ಎಡವಿದರೆ ಮುಗಿಯಿತು, ಗುಂಯ್ ಎಂಬ ಶ್ರುತಿಯೇ ಎಲ್ಲರಿಗೂ ಗತಿ. ಎರಡನೆಯ ಜ್ಯಾಕ್ ಗಟ್ಟಿಯಾಗಿಯೇ ಇತ್ತು. ಆದರೆ ಅದು ಜೋರು ಸಿಗ್ನಲ್‌ಗೆಂದು ಇಟ್ಟದ್ದು, ಬಂದದ್ದನ್ನು ಅರ್ಧಕ್ಕೆ, ಅಂದರೆ ಸುಮಾರು 6 ಡೆಸಿಬಲ್ ಇಳಿಸಿ ಒಳಗೆ ಬಿಡುತ್ತದೆ.

ಪೇಟೆಯ ಅಂಗಡಿಯೊಂದಕ್ಕೆ ಒಯ್ದೆ. ಮುಚ್ಚಳವನ್ನೂ ಬಿಚ್ಚದೆ "ಬೋರ್ಡೇ ಹೋಗಿದೆ ಸಾರ್, ಹೊಸದು ತೆಗೆದುಕೊಳ್ಳಿ" ಎಂದರು. ಹೊಸದರ ಬೆಲೆ ಕೇಳಿ, ಇದ್ದದ್ದನ್ನೇ ಹೊತ್ತುಕೊಂಡು ಬಸ್ ಹತ್ತಿದೆ. ವಾರಕ್ಕೆ ನಾಲ್ಕು ಮಕ್ಕಳಿಗೆ ಪಾಠ ಹೇಳುವವನ ಜೇಬಿಗೆ ಅದು ಒಗ್ಗುವ ಲೆಕ್ಕವಲ್ಲ.

ಕೊನೆಗೆ ಕೈಹಿಡಿದವರು ನಮ್ಮೂರಿನ ರೇಡಿಯೊ ರಿಪೇರಿಯವರು. ಪ್ಲಗ್ ಕಿತ್ತು, ದೊಡ್ಡ ಕೆಪಾಸಿಟರುಗಳಲ್ಲಿ ಉಳಿದಿದ್ದ ವಿದ್ಯುತ್ತು ಇಳಿದಿದೆಯೇ ಎಂದು ಮೀಟರ್ ಇಟ್ಟು ನೋಡಿ, ಆಮೇಲೆ ಬೋರ್ಡನ್ನು ಹೊರಗೆಳೆದರು. ಭೂತಗನ್ನಡಿ ನನ್ನ ಕೈಗೆ ಕೊಟ್ಟು, "ನೋಡಿ ಮಾಸ್ತರೇ, ಬೋರ್ಡು ಸತ್ತಿಲ್ಲ, ಬೆಸುಗೆ ಬಿಟ್ಟಿದೆ" ಎಂದರು. ಜ್ಯಾಕಿನ ಕಾಲಿನ ಸುತ್ತ, ಬೆಳ್ಳಗಿನ ಬೆಸುಗೆಯ ನಡುವೆ, ಕೂದಲೆಳೆಯಷ್ಟು ತೆಳುವಾದ ಕಪ್ಪು ಉಂಗುರ. ಜ್ಯಾಕನ್ನು ಅಲ್ಲಾಡಿಸಿದರೆ ಉಂಗುರದೊಳಗೆ ಕಾಲು ಕುಣಿಯುತ್ತಿತ್ತು. ಒಳಗಿನ ಸ್ಪ್ರಿಂಗ್ ಪಟ್ಟಿಗೆ ಕಿಲುಬು ಬೇರೆ.

ನನಗೆ ಸಿಟ್ಟು ಬಂದದ್ದು ಆಗಲೇ. ಟೆಲಿಫೋನ್ ವಿನಿಮಯ ಕೇಂದ್ರಗಳಲ್ಲಿ ದಿನವಿಡೀ ಚುಚ್ಚಿ ಕೀಳುವುದಕ್ಕೆಂದೇ ಹುಟ್ಟಿದ್ದು ಈ ಕಾಲು ಇಂಚಿನ ಜ್ಯಾಕ್. ಅಂಥದ್ದನ್ನು ಪ್ಲಾಸ್ಟಿಕ್ಕಿನಲ್ಲಿ ಮಾಡಿ, ನೇರವಾಗಿ ಬೋರ್ಡಿಗೆ ಬೆಸೆದು ಬಿಟ್ಟರೆ, ವೈರಿನ ಎಳೆತವೆಲ್ಲ ಬೀಳುವುದು ಆ ಮೂರು ಚುಕ್ಕೆ ಸೀಸದ ಮೇಲೆ. ಇಷ್ಟು ಚೆನ್ನಾದ ಯಂತ್ರ ಮಾಡಿದವರಿಗೆ ಉಳಿತಾಯ ಮಾಡಲು ಇದೇ ಜಾಗ ಬೇಕಿತ್ತೇ?

ಮತ್ತೆ ಬೆಸುಗೆ ಹಾಕಿದರೆ ಒಂದು ಮಳೆಗಾಲ ಕಳೆಯಬಹುದು ಎಂದರು. ಬೇಡ ಎಂದು ಲೋಹದ ಜ್ಯಾಕ್ ಹಾಕಿಸಿದೆ. ಇದು ನಟ್ಟಿನಿಂದ ಮುಂಭಾಗದ ತಗಡನ್ನೇ ಕಚ್ಚಿಕೊಳ್ಳುತ್ತದೆ, ಬೋರ್ಡಿಗೆ ಹೋಗುವುದು ಗಿಡ್ಡ ವೈರುಗಳು ಮಾತ್ರ. ಎಳೆತವೆಲ್ಲ ತಗಡಿನದು, ಬೆಸುಗೆಗೆ ನೆಮ್ಮದಿ. ಕೊಳ್ಳುವಾಗ ಎರಡು ಕಾಲಿನ ಸಾದಾ ಜ್ಯಾಕ್ ಒಯ್ಯಬೇಡಿ, ಸ್ವಿಚ್ ಇರುವ ಮೂರು ಕಾಲಿನದೇ ಬೇಕು. ಪಿನ್ ಇಲ್ಲದಾಗ ಆ ಸ್ವಿಚ್ ಇನ್‌ಪುಟ್ಟನ್ನು ಗ್ರೌಂಡಿಗೆ, ಅಂದರೆ ಸರ್ಕ್ಯೂಟಿನ ಸೊನ್ನೆ ವೋಲ್ಟಿನ ತಂತಿಗೆ, ಸೇರಿಸಿ ಬಾಯಿ ಮುಚ್ಚಿಸುತ್ತದೆ. ಅದಿಲ್ಲದಿದ್ದರೆ ಸುಮ್ಮನಿರುವಾಗಲೂ ಹಮ್, ಅದೇ ಗುಂಯ್ ಸದ್ದು, ತಪ್ಪುವುದಿಲ್ಲ. ಲೋಹದ ಮೈ ತಗಡಿಗೆ ತಾಗಿದರೆ ಗ್ರೌಂಡ್ ಎರಡು ಕಡೆ ಸೇರಿ ಬೇರೊಂದು ಹಮ್ ಹುಟ್ಟಬಹುದೆಂದು ಅವರು ಎರಡೂ ಬದಿಗೆ ಪ್ಲಾಸ್ಟಿಕ್ ವಾಷರ್ ಹಾಕಿದರು. ಹಳೆಯ ತೂತು ತುಸು ದೊಡ್ಡದಿದ್ದುದಕ್ಕೂ ಅದೇ ವಾಷರ್ ಒದಗಿತು.

ಸಾಮಾನು, ಕೂಲಿ ಎಲ್ಲ ಸೇರಿ ಐನೂರು ರೂಪಾಯಿ ಮುಟ್ಟಲಿಲ್ಲ. ಈಗ ಪಿನ್ ಒಳಗೆ ಹೋಗುವಾಗ ಕೊನೆಯಲ್ಲಿ ಟಕ್ ಎಂದು ಕೂರುತ್ತದೆ. ಆ ಒಂದು ಸದ್ದಿಗಾಗಿ ಕೆಲವು ಸಲ ಸುಮ್ಮನೆ ಕಿತ್ತು ಚುಚ್ಚುತ್ತೇನೆ, ಮನೆಯವರು ಬೈಯುತ್ತಾರೆ. ಪುಷ್ಯ ಮಳೆಯಲ್ಲಿ ಬಾಗಿಲ ಮರ ಊದಿ ಚಿಲಕ ಬೀಳದಿದ್ದಾಗಲೂ ಜ್ಯಾಕ್ ಕರಕರ ಎನ್ನಲಿಲ್ಲ. ಬೈದದ್ದರಲ್ಲಿ ಅರ್ಧವನ್ನು ಹಿಂದಕ್ಕೆ ಪಡೆದಿದ್ದೇನೆ. ಹೆಡ್‌ಫೋನ್ ಜ್ಯಾಕ್ ಇನ್ನೂ ಆ ಹಳೆಯ ಪ್ಲಾಸ್ಟಿಕ್ಕಿನದೇ ಆದ್ದರಿಂದ ಉಳಿದರ್ಧ ಹಾಗೇ ಇದೆ.

ಇಂಥ ಹಳೆಯ ಆಂಪ್ಲಿಫೈಯರ್ ಎಲ್ಲಿಯಾದರೂ ಮಾರಾಟಕ್ಕಿದ್ದರೆ ಪಿನ್ ಚುಚ್ಚಿ, ವಾಲ್ಯೂಮ್ ಅರ್ಧಕ್ಕಿಟ್ಟು ಅಲ್ಲಾಡಿಸಿ ನೋಡಿ. ಕರಕರ ಎಂದರೆ ಮುಖ ಸಪ್ಪೆ ಮಾಡಿಕೊಂಡು ಸಾವಿರ ರೂಪಾಯಿ ಇಳಿಸಿ ಕೇಳಿ, ಕೊಟ್ಟರೆ ತೆಗೆದುಕೊಂಡುಬಿಡಿ.