ಬರ್ಮಿಂಗ್‌ಹ್ಯಾಮ್ ಕಾಲುವೆಯಲ್ಲಿ ದೋಣಿ ಬಾಡಿಗೆಗೆ ಹಿಡಿಯುವವರು ಆ ಬಿಳಿ ಗೆರೆಯನ್ನು ನೋಡಿಕೊಳ್ಳಿ

ಊರಿನಿಂದ ಬಂದ ಹಿರಿಯರನ್ನು ಕೂರಿಸಿಕೊಂಡು ಬರ್ಮಿಂಗ್‌ಹ್ಯಾಮ್‌ನ ಕಾಲುವೆಗಳಲ್ಲಿ ನ್ಯಾರೋಬೋಟ್ ಎಂಬ ಉದ್ದನೆಯ, ಕಿರಿದಾದ ದೋಣಿ ನಡೆಸುವ ಯೋಚನೆ ನಿಮಗಿದ್ದರೆ, ಕಳೆದ ಬೇಸಿಗೆಯಲ್ಲಿ ನಮಗಾದದ್ದನ್ನು ಓದಿಕೊಂಡು ಹೊರಡಿ. ಬಾಡಿಗೆ ದೋಣಿ ನಡೆಸಲು ಪರವಾನಗಿಯೂ ಬೇಡ, ಅನುಭವವೂ ಬೇಡ. ದೋಣಿ ಕೊಟ್ಟವರು ಅರ್ಧ ಗಂಟೆಯಲ್ಲಿ ಚುಕ್ಕಾಣಿ ಹಿಡಿಯುವುದನ್ನೂ ಶೌಚದ ತೊಟ್ಟಿ ಖಾಲಿ ಮಾಡುವುದನ್ನೂ ತೋರಿಸಿ, ಸಹಿ ಹಾಕಿಸಿಕೊಂಡು ಕಳಿಸಿಬಿಟ್ಟರು. ಗಂಟೆಗೆ 4 ಮೈಲಿ ಮೀರಬಾರದ ದೋಣಿಯಲ್ಲಿ ಅಪಾಯವೇನು ಬಂತು ಎಂದು ನಾವೂ ನಕ್ಕಿದ್ದೆವು.

ಗ್ಯಾಸ್ ಸ್ಟ್ರೀಟ್ ಬೇಸಿನ್‌ನಿಂದ ಹೊರಟು ಸ್ವಲ್ಪ ದೂರದಲ್ಲೇ ಬಲಕ್ಕೆ ತಿರುಗಿದರೆ ಫಾರ್ಮರ್ಸ್ ಬ್ರಿಜ್‌ನ 13 ಲಾಕ್‌ಗಳು ಕಟ್ಟಡಗಳ ನಡುವೆ, ಕೆಲವೆಡೆ ಅವುಗಳ ಅಡಿಯಲ್ಲೇ, ಮೆಟ್ಟಿಲಿನಂತೆ ಇಳಿಯುತ್ತವೆ. ಲಾಕ್ ಎಂದರೆ ಎರಡು ತುದಿಗೂ ಬಾಗಿಲಿರುವ ಇಟ್ಟಿಗೆಯ ತೊಟ್ಟಿ; ತೂಬು ಎತ್ತಿ ಅದರೊಳಗೆ ನೀರು ತುಂಬಿಸಿ ಇಲ್ಲವೆ ಹೊರಬಿಟ್ಟು ದೋಣಿಯನ್ನು ಏರಿಸುತ್ತಾರೆ, ಇಳಿಸುತ್ತಾರೆ. ಅದರ ಅಗಲ ಸುಮಾರು 7 ಅಡಿ, ದೋಣಿಯದು 6 ಅಡಿ 10 ಅಂಗುಲ. ಮೇಲಿನ ಬಾಗಿಲ ಬುಡದಲ್ಲಿ ಹೊಸ್ತಿಲಿನಂಥ ಕಟ್ಟೆಯೊಂದು ಒಳಕ್ಕೆ ಚಾಚಿಕೊಂಡಿರುತ್ತದೆ. ಸಿಲ್ ಎಂದು ಕರೆಯುವ ಈ ಕಟ್ಟೆ ತೊಟ್ಟಿ ತುಂಬಿರುವಾಗ ಕಾಣುವುದೇ ಇಲ್ಲವಾದ್ದರಿಂದ, ಅದು ಎಲ್ಲಿಯವರೆಗೆ ಬಂದಿದೆಯೆಂದು ದಂಡೆಯ ಮೇಲೆ ಬಿಳಿ ಗೆರೆ ಎಳೆದಿರುತ್ತಾರೆ.

ಐದನೆಯ ಲಾಕ್‌ನಲ್ಲಿ ನಾನು ಕೆಳಬಾಗಿಲ ತೂಬುಗಳನ್ನು ಪೂರ್ತಿ ಎತ್ತಿ, ಸಮಯ ಉಳಿಸಲೆಂದು ಮುಂದಿನ ಲಾಕ್‌ನತ್ತ ನಡೆದೆ. ಇದು ನನ್ನದೇ ತಪ್ಪು. ಚುಕ್ಕಾಣಿಯ ಬಳಿಯಿದ್ದ ಭಾವ ಫೋಟೋ ತೆಗೆಯುತ್ತಿದ್ದರು. ದೋಣಿ ಮೆಲ್ಲಗೆ ಹಿಂದೆ ಸರಿದು ಗೆರೆ ದಾಟಿದ್ದನ್ನು ಯಾರೂ ನೋಡಲಿಲ್ಲ. ಮೊದಲು ಕೇಳಿಸಿದ್ದು ಅಡುಗೆಮನೆಯ ಸದ್ದು: ಅಮ್ಮ ಒಗ್ಗರಣೆಗೆಂದು ಎಣ್ಣೆ ಕಾಯಲಿಟ್ಟಿದ್ದ ಬಾಣಲೆ ಒಲೆಯಿಂದ ಜಾರಿ ನೆಲಕ್ಕೆ ಬಿದ್ದಿತ್ತು. ಓಡಿ ಬಂದು ನೋಡಿದರೆ ಹಿಂಭಾಗ ಸಿಲ್ ಮೇಲೆ ಕೂತಿದೆ, ಮುಂಭಾಗ ಮಾತ್ರ ನೀರಿನ ಜೊತೆ ಇಳಿಯುತ್ತಿದೆ. ನನಗೆ ಕೈಕಾಲೇ ಆಡಲಿಲ್ಲ. ನಮ್ಮ ಹಿಂದಿನ ದೋಣಿಯವರೊಬ್ಬರು "ತೂಬು ಮುಚ್ಚಿ, ಮೊದಲು ಮುಚ್ಚಿ!" ಎಂದು ಕೂಗುತ್ತ ಬಂದು ಕೆಳಗಿನವನ್ನು ತಾವೇ ಇಳಿಸಿ, ಆಮೇಲೆ ಮೇಲಿನ ತೂಬನ್ನು ಇಷ್ಟಿಷ್ಟೇ ಎತ್ತಿ ನೀರು ತುಂಬಿಸಿದಾಗ ದೋಣಿ ಮತ್ತೆ ಸಮನಾಗಿ ತೇಲಿತು. ಅಮ್ಮನ ಪಾದಕ್ಕೆ ಎಣ್ಣೆ ಸಿಡಿದು ಬೊಬ್ಬೆ ಬಂದಿತ್ತು.

ದೋಣಿ ಹಿಂದಿರುಗಿಸಿದಾಗ ಚುಕ್ಕಾಣಿಯ ಅಲಗಿಗೆ ಪೆಟ್ಟಾಗಿದೆಯೆಂದು ಠೇವಣಿಯನ್ನು ಹಿಡಿದುಕೊಂಡರು. ಅದಕ್ಕೆ ತಕರಾರಿಲ್ಲ. ಆದರೆ ಕೈಪಿಡಿಯಲ್ಲಿ ಒಂದು ಸಾಲಿದ್ದ ಸಿಲ್ ವಿಷಯವನ್ನು ಬಾಯಿಬಿಟ್ಟು ಹೇಳದೆ ಕಳಿಸಿದ್ದು ಸರಿಯಲ್ಲ. ಆದ್ದರಿಂದ ನೀವೇ ಕೇಳಿ, ಸಾಧ್ಯವಾದರೆ ಒಂದು ಲಾಕ್ ದಾಟಿಸಿ ತೋರಿಸುವಂತೆ ಒತ್ತಾಯಿಸಿ. ಇಳಿಯುವಾಗ ದೋಣಿಯನ್ನು ಮುಂದಕ್ಕೆ ಇರಿಸಿಕೊಳ್ಳಿ, ಹಗ್ಗವನ್ನು ದಂಡೆಯ ಗೂಟಕ್ಕೆ ಬಿಗಿದು ಕಟ್ಟಬೇಡಿ, ನೀರು ಇಳಿಯುತ್ತಿರುವಷ್ಟು ಹೊತ್ತೂ ಒಬ್ಬರು ತೂಬಿನ ಬಳಿಯೇ ಇರಲಿ. ಮೊದಲ ದಿನವೇ ಲಾಕ್‌ಗಳಿಗೆ ಇಳಿಯಬೇಕೆಂದೂ ಇಲ್ಲ: ಗ್ಯಾಸ್ ಸ್ಟ್ರೀಟ್‌ನಿಂದ ಪಶ್ಚಿಮಕ್ಕೆ ಎಂಜಿನಿಯರ್ ಟೆಲ್‌ಫೋರ್ಡ್ ನೇರಗೊಳಿಸಿದ ಕಾಲುವೆಯಲ್ಲಿ ಟಿಪ್ಟನ್‌ವರೆಗೂ, ದಕ್ಷಿಣಕ್ಕೆ ಬೋರ್ನ್‌ವಿಲ್ ಮೂಲಕ ಟಾರ್ಡೆಬಿಗ್‌ವರೆಗೂ ಒಂದು ಲಾಕ್ ಕೂಡ ದಾಟದೆ ಹೋಗಿಬರಬಹುದು. ನಗರದ ನೀರಿನಲ್ಲಿ ಪ್ಲಾಸ್ಟಿಕ್ ಚೀಲಗಳು ಪ್ರೊಪೆಲ್ಲರ್‌ಗೆ ಸುತ್ತಿಕೊಳ್ಳುವುದುಂಟು. ಬಿಡಿಸುವ ಮೊದಲು ಎಂಜಿನ್ ಆರಿಸಿ ಕೀಲಿ ಜೇಬಿಗೆ ಹಾಕಿಕೊಳ್ಳಿ.

ಉಳಿದೆರಡು ದಿನ ಅಮ್ಮ ಪ್ರತಿ ಲಾಕ್ ಬಂದಾಗಲೂ ಒಲೆ ಆರಿಸಿ, ಕುಂಟುತ್ತ ದಂಡೆಗಿಳಿದು, ಆ ಬಿಳಿ ಗೆರೆಯ ಪಕ್ಕದಲ್ಲೇ ನಿಂತಿರುತ್ತಿದ್ದರು.