ಅಡಿಕೆ ಧಾರಣೆ ತಿಳಿಸಲು ಆ್ಯಪ್, ವಾಟ್ಸ್‌ಆ್ಯಪ್ ಅಥವಾ ಫೋನ್ ಕರೆ?

ರಾಶಿ, ಬೆಟ್ಟೆ, ಸರಕು, ಗೊರಬಲು ಎಂಬ ಅಡಿಕೆ ಬಗೆಗಳ ಧಾರಣೆಯನ್ನು ಬೆಳೆಗಾರರಿಗೆ ದಿನವೂ ತಲುಪಿಸಬೇಕು, ಯಾವುದು ಮಾಡಲಿ ಎಂದು ಕೇಳಿದ್ದೀರಿ. ಮೊದಲು ಗಿರಾಕಿ ಯಾರೆಂದು ಗಟ್ಟಿ ಮಾಡಿಕೊಳ್ಳಿ. ತೋಟದಲ್ಲಿರುವ ಅಪ್ಪನೋ, ಬೆಂಗಳೂರಿನಲ್ಲಿರುವ ಮಗನೋ? ಆ್ಯಪ್ ನೋಡಿ ಮೆಚ್ಚುವವನು ಹೆಚ್ಚಾಗಿ ಮಗ. ಅಡಿಕೆ ಮಂಡಿಗೆ ಒಯ್ಯುವುದು ಯಾವಾಗೆಂದು ನಿರ್ಧರಿಸುವವರು ಅಪ್ಪ.

ಬಳಕೆಯ ಸುಲಭದಲ್ಲಿ ಕರೆಯೇ ಮುಂದು. ಮಿಸ್ಡ್ ಕಾಲ್ ಕೊಟ್ಟರೆ ತಿರುಗಿ ಕರೆ ಬಂದು ದರ ಹೇಳುತ್ತದೆ. ಕೀಪ್ಯಾಡ್ ಫೋನ್ ಸಾಕು, ಓದು ಬೇಡ, ಡೇಟಾ ಬೇಡ. ಆದರೆ ನಿಮಿಷಗಳ ಖರ್ಚು ನಿಮ್ಮ ತಲೆಗೆ. ಕಳೆದ ತಿಂಗಳ ಏರಿಳಿತ ತೋರಿಸಲೂ ಆಗದು. ವಾಟ್ಸ್‌ಆ್ಯಪ್ ಕಲಿಸಬೇಕಿಲ್ಲ, ಧ್ವನಿ ಸಂದೇಶವೂ ಹೋಗುತ್ತದೆ. ಅಲ್ಲಿನ ತೊಡಕೆಂದರೆ ಫಾರ್ವರ್ಡ್: ಹಳೆಯ ದರ ಇಂದಿನದೆಂದು ಸುತ್ತುತ್ತದೆ, ನಂಬಿದವರಿಗೆ ನಷ್ಟ. ಪ್ರತಿ ಸಂದೇಶದೊಳಗೇ ದಿನಾಂಕ, ಮಾರುಕಟ್ಟೆಯ ಹೆಸರು ಇರಲೇಬೇಕು.

ಆ್ಯಪ್‌ನ ಖರ್ಚು ಕಟ್ಟಿದ ದಿನಕ್ಕೆ ಮುಗಿಯುವುದಿಲ್ಲ, ಆಂಡ್ರಾಯ್ಡ್ ಬದಲಾದಂತೆ ತಿದ್ದುತ್ತಲೇ ಇರಬೇಕು. ಹಲವು ಮಂಡಿಗಳನ್ನು ಹೋಲಿಸುವ ವ್ಯಾಪಾರಿಗಳು, ಸಹಕಾರ ಸಂಘಗಳು ನಿಮ್ಮ ಗಿರಾಕಿಗಳಾದರೆ ಮಾತ್ರ ಅದು ಸರಿ.

ಬೆಂಗಳೂರಿನಲ್ಲಿ ರೂಪುಗೊಂಡ ಸಿಂಪ್ಯೂಟರ್ ಎಂಬ ಅಂಗೈ ಕಂಪ್ಯೂಟರನ್ನು ನೆನಪಿಸಿಕೊಳ್ಳಿ. ಓದು ಬಾರದ ಹಳ್ಳಿಗರೂ ಬಳಸಲೆಂಬ ದೊಡ್ಡ ಆಸೆಯದು. 2004ರಲ್ಲಿ ಮಾರುಕಟ್ಟೆಗೆ ಬಂದಾಗ ಬೆಲೆ ಹತ್ತು ಸಾವಿರ ರೂಪಾಯಿಯ ಆಸುಪಾಸು. ಆ ಹಳ್ಳಿಗರ ಕೈಗೆ ಎಟುಕಿದ್ದು ಅಗ್ಗದ ಮೊಬೈಲ್.

ಹಿರಿಯ ಬೆಳೆಗಾರರೇ ಹೆಚ್ಚಿದ್ದು, ನೆಟ್‌ವರ್ಕ್ ಅಷ್ಟಕ್ಕಷ್ಟೇ ಇರುವ ಮಲೆನಾಡಿನ ಊರಾದರೆ ಕರೆಯಿಂದ ಶುರು ಮಾಡಿ. ಮನೆಮನೆಯಲ್ಲಿ ಸ್ಮಾರ್ಟ್‌ಫೋನ್ ಇದ್ದರೆ ವಾಟ್ಸ್‌ಆ್ಯಪ್ ಸಾಕು.