ಬೆಕ್ಕಿನ ಮರಿಗೆ ಹಾಲಿನ ಪುಡಿ, ಬಾಟಲಿ: ಅಳು ಎಷ್ಟರ ಮಟ್ಟಿಗೆ ನಿಲ್ಲುತ್ತದೆ?

ತಾಯಿ ಬಿಟ್ಟುಹೋದ ಬೆಕ್ಕಿನ ಮರಿ ಮನೆಗೆ ಬಂದು ರಾತ್ರಿಯೆಲ್ಲ ಅರಚಿತೆಂದರೆ ಮರುದಿನ ಬೆಳಿಗ್ಗೆ ಮೈಸೂರು, ಮಂಡ್ಯದವರು ಹುಡುಕುವುದು ಎರಡು ವಸ್ತು: ಮರಿಗಳ ಹಾಲಿನ ಪುಡಿ, ಚಿಕ್ಕ ಬಾಟಲಿ. ಎರಡೂ ಕೊಳ್ಳತಕ್ಕ ವಸ್ತುಗಳೇ. ಆದರೆ ಅವು ನಿಲ್ಲಿಸುವುದು ಹಸಿವಿನ ಅಳುವನ್ನು ಮಾತ್ರ. ಮರಿ ಚಳಿಗೂ ಅಳುತ್ತದೆ, ಒಂಟಿಯಾದರೂ ಅಳುತ್ತದೆ, ಉಚ್ಚೆ ಕಟ್ಟಿದರೂ ಅಳುತ್ತದೆ, ಚಿಗಟ ಕಚ್ಚಿದರೂ ಅಳುತ್ತದೆ. ಯಾವ ಅಳುವೆಂದು ನೋಡದೆ ಬಾಟಲಿ ಹಿಡಿಸಿದರೆ ಒಳ್ಳೆಯ ಪುಡಿಯೂ ಕೆಡುಕು ಮಾಡುತ್ತದೆ. ಹಾಗಾಗಿ ಈ ವಿಮರ್ಶೆಯಲ್ಲಿ ಪುಡಿಯ ಗುಣದ ಜೊತೆಗೆ ಅದನ್ನು ಯಾವಾಗ ಕೊಡಬಾರದು ಎನ್ನುವುದನ್ನೂ ಬರೆದಿದೆ.

ಪುಡಿಗಳಲ್ಲಿ ನಮ್ಮಲ್ಲಿ ಹೆಚ್ಚು ಕೇಳಿಬರುವ ಹೆಸರು ಎರಡು: ರಾಯಲ್ ಕ್ಯಾನಿನ್ ಕಂಪನಿಯ ಬೇಬಿಕ್ಯಾಟ್ ಮಿಲ್ಕ್, ಪೆಟ್‌ಎಜಿ ಕಂಪನಿಯ ಕೆಎಂಆರ್. ಬೇಬಿಕ್ಯಾಟ್ 300 ಗ್ರಾಂ ಪೊಟ್ಟಣ. ಒಳಗೆ 100 ಗ್ರಾಂನ ಮೂರು ಸ್ಯಾಶೆ, ಜೊತೆಗೆ ಬಾಟಲಿ, ನಿಪ್ಪಲ್, ಅಳತೆ ಚಮಚ. ಪ್ರೋಟೀನ್ 33%, ಕೊಬ್ಬು 39%, ಪಿಷ್ಟ ಇಲ್ಲ. ಕೆಎಂಆರ್ ಪುಡಿಯಲ್ಲಿ ಪ್ರೋಟೀನ್ ಹೆಚ್ಚು, ಕೊಬ್ಬು ಕಡಿಮೆ: ಕನಿಷ್ಠ 42% ಮತ್ತು 25%. ಎರಡರಲ್ಲಿ ಯಾವುದಾದರೂ ಆದೀತು, ಮರಿ ಬೆಳೆಯುತ್ತದೆ. ಮೊದಲ ಸಲ ಮರಿ ಸಾಕುವವರಿಗೆ ನಮ್ಮ ಶಿಫಾರಸು ಬೇಬಿಕ್ಯಾಟ್, ಕಾರಣ ಆ ಸಣ್ಣ ಸ್ಯಾಶೆಗಳು. ಒಂದನ್ನು ಬಳಸುವಾಗ ಉಳಿದೆರಡು ಗಾಳಿ ತಾಗದೆ ಹಾಗೇ ಉಳಿಯುತ್ತವೆ. ಮಳೆಗಾಲದಲ್ಲಿ ಒಮ್ಮೆ ತೆರೆದ ದೊಡ್ಡ ಡಬ್ಬದ ಪುಡಿ ತೇವ ಹೀರಿ ಗಂಟು ಕಟ್ಟುತ್ತದೆ, ಕೊಬ್ಬು ಕಮಟಿ ವಾಸನೆ ಬರುತ್ತದೆ. ಕೆಎಂಆರ್ ತಂದವರು ತೆರೆದ ಡಬ್ಬವನ್ನು ಫ್ರಿಜ್‌ನಲ್ಲೇ ಇಡಬೇಕು. ಮೂರು ತಿಂಗಳೊಳಗೆ ಮುಗಿಸಬೇಕು.

ದರ ಹಗುರವಲ್ಲ. "ಇಷ್ಟು ದುಡ್ಡು ಯಾಕೆ, ನಂದಿನಿ ನೀಲಿ ಪ್ಯಾಕೆಟ್ ಸಾಲದಾ?" ಎಂದು ಕೇಳುವವರಿಗೆ ಉತ್ತರ ಹಾಲಿನ ಅಂಶಗಳಲ್ಲೇ ಇದೆ. ಹಸುವಿನ ಹಾಲಿನಲ್ಲಿ ಪ್ರೋಟೀನ್ ಸುಮಾರು 3.3%, ತಾಯಿಬೆಕ್ಕಿನ ಹಾಲಿನಲ್ಲಿ ಅದರ ಎರಡರಷ್ಟಕ್ಕೂ ಹೆಚ್ಚು. ನೀಲಿ ಪ್ಯಾಕೆಟ್‌ನಲ್ಲಿ ಕೊಬ್ಬು 3%, ಬೆಕ್ಕಿನ ಹಾಲಿನಲ್ಲಿ ಅದೂ ಬಹಳ ಹೆಚ್ಚು. ಹಾಲಿನ ಸಕ್ಕರೆ, ಅಂದರೆ ಲ್ಯಾಕ್ಟೋಸ್, ಮೇಲ್ನೋಟಕ್ಕೆ ಎರಡರಲ್ಲೂ ಹೆಚ್ಚುಕಡಿಮೆ ಒಂದೇ. ಆದರೆ ಬೇಕಾದಷ್ಟು ಶಕ್ತಿ ಸಿಗಬೇಕಾದರೆ ಮರಿ ಹಸುವಿನ ಹಾಲನ್ನು ಬಹಳ ಹೆಚ್ಚು ಕುಡಿಯಬೇಕಾಗುತ್ತದೆ. ಅಷ್ಟು ಲ್ಯಾಕ್ಟೋಸ್ ಅದರ ಕರುಳಿಗೆ ಅರಗುವುದಿಲ್ಲ, ಭೇದಿ ಹತ್ತುತ್ತದೆ. ನೀರು ಬೆರೆಸಿ ಕೊಟ್ಟರೆ ಇನ್ನೂ ಕೆಡುಕು: ಹೊಟ್ಟೆ ತುಂಬಿ ಉಬ್ಬುತ್ತದೆ, ಹಸಿವು ಹಾಗೇ ಇರುತ್ತದೆ, ಮರಿ ಕುಡಿದ ಅರ್ಧ ಗಂಟೆಗೆ ಮತ್ತೆ ಅರಚುತ್ತದೆ. ಗಂಜಿ, ರಾಗಿ ಸರಿ, ಮಕ್ಕಳ ಸೆರೆಲ್ಯಾಕ್ ಇವು ಪಿಷ್ಟದ ಪದಾರ್ಥಗಳು. ಮೂರು ವಾರದೊಳಗಿನ ಮರಿಗೆ ಇವು ಸಲ್ಲವೇ ಸಲ್ಲ.

ಖರ್ಚಿನ ಅಂದಾಜು ಬೇಕಾದರೆ: ಕಾಲು ಕೆ.ಜಿ. ತೂಗುವ ಮರಿ ದಿನಕ್ಕೆ 60 ಮಿ.ಲೀ. ಆಸುಪಾಸು ಕಲಸಿದ ಹಾಲು ಕುಡಿಯುತ್ತದೆ. ಅದಕ್ಕೆ ಹತ್ತರಿಂದ ಹದಿನೈದು ಗ್ರಾಂ ಪುಡಿ ಹಿಡಿಯುತ್ತದೆ. 300 ಗ್ರಾಂ ಪೊಟ್ಟಣ ಒಂದು ಮರಿಗೆ ಮೂರು ವಾರದಷ್ಟು ಬರುತ್ತದೆ. ನಾಲ್ಕು ಮರಿಗಳಿದ್ದರೆ ವಾರವೂ ಬರುವುದು ಕಷ್ಟ. ಮೈಸೂರಿನ ಪೆಟ್ ಅಂಗಡಿಗಳಲ್ಲಿ ಕೇಳಿದರೆ ಸಿಗುತ್ತದೆ, ಆದರೂ ಹೊರಡುವ ಮುಂಚೆ ಫೋನ್ ಮಾಡಿ ವಿಚಾರಿಸುವುದು ಒಳ್ಳೆಯದು. ಮದ್ದೂರು, ಪಾಂಡವಪುರದ ಕಡೆಯವರಿಗೆ ಆನ್‌ಲೈನೇ ಗತಿ. ಪಾರ್ಸೆಲ್ ಬರುವವರೆಗೆ ಎರಡು ಮೂರು ದಿನ ಮರಿ ಕಾಯುವುದಿಲ್ಲ, ಅಷ್ಟರೊಳಗೆ ಪಶುವೈದ್ಯರನ್ನು ಕಾಣಬೇಕು. ಅಂಗಡಿಯಲ್ಲಿ ನಾಯಿಮರಿಯ ಹಾಲಿನ ಪುಡಿ ತೋರಿಸಿ "ಇದೂ ಅದೇ" ಎಂದರೆ ಒಪ್ಪಬೇಡಿ. ಬೆಕ್ಕಿಗೆ ಟೌರಿನ್ ಎಂಬ ಪೋಷಕಾಂಶ ಬೇಕೇ ಬೇಕು. ನಾಯಿಯ ಪುಡಿ ಆ ಲೆಕ್ಕದಲ್ಲಿ ಮಾಡಿದ್ದಲ್ಲ.

ಇನ್ನು ಅಳುವಿನ ವಿಚಾರ. ಮೂರು ವಾರದೊಳಗಿನ ಮರಿಗೆ ತನ್ನ ಮೈಶಾಖವನ್ನು ತಾನೇ ಕಾಪಾಡಿಕೊಳ್ಳುವ ಶಕ್ತಿ ಇರುವುದಿಲ್ಲ. ಮೊದಲ ವಾರ ಅದರ ಸುತ್ತಲಿನ ಗಾಳಿ 30–32 ಡಿಗ್ರಿ ಇರಬೇಕು, ಎರಡನೆಯ ವಾರ 27–29. ಡಿಸೆಂಬರ್, ಜನವರಿಯ ಮೈಸೂರಿನ ರಾತ್ರಿ, ಅದರಲ್ಲೂ ಹಳೆಯ ಮನೆಗಳ ರೆಡ್ ಆಕ್ಸೈಡ್ ನೆಲ, ಇದರ ಹತ್ತಿರಕ್ಕೂ ಬರುವುದಿಲ್ಲ. ಶಿವರಾತ್ರಿ ಕಳೆದು ಚಳಿ ಶಿವಶಿವ ಎಂದು ಹೋದ ಮೇಲೂ ನಸುಕಿನಲ್ಲಿ ಆ ನೆಲ ತಣ್ಣಗೇ ಇರುತ್ತದೆ. ಚಳಿಯ ಅಳು ಸಣ್ಣ ದನಿಯದು, ತೀಕ್ಷ್ಣ, ಬಿಡುವಿಲ್ಲದ್ದು. ಮರಿ ತಲೆ ಅತ್ತಿತ್ತ ಆಡಿಸುತ್ತ ತೆವಳುತ್ತದೆ. ಅಂಗಾಲು, ಕಿವಿ ಮುಟ್ಟಿ, ಬಾಯೊಳಗೆ ಕಿರುಬೆರಳು ಇಟ್ಟು ನೋಡಿ. ತಣ್ಣಗಿದ್ದರೆ ಮೊದಲ ಕೆಲಸ ಬೆಚ್ಚಗೆ ಮಾಡುವುದು. ಮೈಶಾಖ 35 ಡಿಗ್ರಿಗಿಂತ ಇಳಿದ ಮರಿಯ ಕರುಳು ಕೆಲಸ ನಿಲ್ಲಿಸಿರುತ್ತದೆ. ಆಗ ಕೊಟ್ಟ ಹಾಲು ಅರಗದೆ ಹೊಟ್ಟೆಯಲ್ಲೇ ಕೂರುತ್ತದೆ, ಕೆಲವೊಮ್ಮೆ ಮೇಲಕ್ಕೆ ಬಂದು ಶ್ವಾಸಕೋಶಕ್ಕೆ ಇಳಿಯುತ್ತದೆ. "ಹಾಲು ಕುಡಿಸಿದೆವು, ಆದರೂ ಸತ್ತುಹೋಯಿತು" ಎನ್ನುವ ಎಷ್ಟೋ ಪ್ರಕರಣಗಳ ಹಿಂದೆ ಇದೇ ಇದೆ. ಪುಡಿಯ ಪೊಟ್ಟಣದ ಮೇಲೆ ಈ ಎಚ್ಚರಿಕೆಯನ್ನು ಎಲ್ಲಕ್ಕಿಂತ ದೊಡ್ಡ ಅಕ್ಷರದಲ್ಲಿ ಹಾಕಬೇಕಿತ್ತು.

ಆದ್ದರಿಂದ ಪುಡಿಗಿಂತ ಮೊದಲು ಮೆಡಿಕಲ್ ಶಾಪ್‌ನಿಂದ ರಬ್ಬರಿನ ಬಿಸಿನೀರಿನ ಚೀಲ ತನ್ನಿ. ಈ ಪಟ್ಟಿಯಲ್ಲಿ ಕೊಟ್ಟ ದುಡ್ಡಿಗೆ ಅತಿ ಹೆಚ್ಚು ಬೆಲೆ ಬರುವ ವಸ್ತು ಇದು. ಕೈಗೆ ತಡೆಯುವಷ್ಟು ಬಿಸಿಯ ನೀರು ತುಂಬಿ, ಎರಡು ಸುತ್ತು ಬಟ್ಟೆ ಸುತ್ತಿ, ರಟ್ಟಿನ ಡಬ್ಬದ ಒಂದೇ ಬದಿಗೆ ಇಡಬೇಕು. ಸೆಕೆಯಾದರೆ ಮರಿ ಇನ್ನೊಂದು ಬದಿಗೆ ತೆವಳಿ ಹೋಗುವಂತಿರಬೇಕು. ಮೂರು ಗಂಟೆಗೊಮ್ಮೆ ನೀರು ಬದಲಿಸಿ. ಆರಿದ ಚೀಲ ಮರಿಯ ಶಾಖವನ್ನೇ ಹೀರುತ್ತದೆ. ಕರೆಂಟಿನಲ್ಲಿ ಚಾರ್ಜ್ ಆಗುವ ಚೀಲಗಳನ್ನು ನಾವು ಒಪ್ಪುವುದಿಲ್ಲ. ಅವು ವಿಪರೀತ ಕಾಯುತ್ತವೆ. ಸರಿದು ಹೋಗಲಾರದ ಮರಿಯ ಹೊಟ್ಟೆಯ ಚರ್ಮ ಸುಡುತ್ತದೆ. ಪೂರ್ತಿ ತಣ್ಣಗಾದ ಮರಿಯನ್ನು ಗಂಟೆ, ಎರಡು ಗಂಟೆಯಲ್ಲಿ ನಿಧಾನವಾಗಿ ಬೆಚ್ಚಗೆ ಮಾಡಬೇಕು. ಎಷ್ಟೋ ಮರಿಗಳು ಒಂದು ಹನಿ ಹಾಲೂ ಇಲ್ಲದೆ ಅಲ್ಲೇ ಅಳು ನಿಲ್ಲಿಸಿ ನಿದ್ದೆ ಹೋಗುತ್ತವೆ.

ಬೆಚ್ಚಗಿದ್ದೂ ಮೂತಿಯಿಂದ ಬಟ್ಟೆ ತಡಕುತ್ತ, ಬೆರಳು ಕೊಟ್ಟರೆ ಜಗ್ಗಿ ಚೀಪುತ್ತ ಅತ್ತರೆ ಅದು ಹಸಿವು. ಆಗ ಬಾಟಲಿ. ಕೆಎಂಆರ್‌ಗೆ ಒಂದು ಅಳತೆ ಪುಡಿ, ಎರಡು ಅಳತೆ ಬೆಚ್ಚನೆಯ ನೀರು. ಬೇಬಿಕ್ಯಾಟ್‌ಗೆ ಅದರದೇ ಚಮಚ, ಪೊಟ್ಟಣದ ಮೇಲಿನ ಲೆಕ್ಕ. ಪುಡಿಯನ್ನು ಒತ್ತಿ ತುಂಬದೆ ಚಮಚದ ಅಂಚಿಗೆ ಸಮ ಮಾಡಿ. ಗಟ್ಟಿಯಾದರೆ ಮಲ ಕಟ್ಟುತ್ತದೆ, ನೀರಾದರೆ ಹೊಟ್ಟೆ ತುಂಬಿಯೂ ಹಸಿವು. ಕುದಿಸಿ ಆರಿಸಿದ ನೀರನ್ನೇ ಬಳಸಿ. ಕುದಿಯುವ ನೀರಿಗೇ ಹಾಕಿದರೆ ಪುಡಿ ಗಂಟಾಗುತ್ತದೆ, ಆ ಗಂಟು ನಿಪ್ಪಲ್‌ಗೆ ಸಿಕ್ಕಿಕೊಳ್ಳುತ್ತದೆ. ಜೋರಾಗಿ ಕುಲುಕಿದರೆ ನೊರೆ ಬರುತ್ತದೆ, ನೊರೆ ಹೊಟ್ಟೆಗೆ ಹೋದರೆ ವಾಯು, ವಾಯುವಿಗೆ ಮತ್ತೆ ಅಳು. ನಿಧಾನ ಕದಡಿ, ಹತ್ತು ನಿಮಿಷ ಬಿಟ್ಟು, ಮುಂಗೈ ಮೇಲೆ ಹನಿ ಹಾಕಿ ನೋಡಿ: ಮೈಬಿಸಿಯಷ್ಟು, ಅಂದರೆ 38 ಡಿಗ್ರಿ. ಕಲಸಿದ ಹಾಲನ್ನು ಫ್ರಿಜ್‌ನಲ್ಲಿಟ್ಟರೆ ಒಂದು ದಿನ, ಅದಕ್ಕಿಂತ ಹೆಚ್ಚಿಲ್ಲ. ಬಾಟಲಿಯಲ್ಲಿ ಉಳಿದದ್ದನ್ನು ಚೆಲ್ಲಿಬಿಡಿ.

ಪ್ರಮಾಣಕ್ಕೆ ಅಡುಗೆಮನೆಯ ಡಿಜಿಟಲ್ ತಕ್ಕಡಿ ಬೇಕೇ ಬೇಕು, ಒಂದು ಗ್ರಾಂ ತೋರಿಸುವಂಥದ್ದು. 100 ಗ್ರಾಂ ತೂಕಕ್ಕೆ ದಿನಕ್ಕೆ ಸುಮಾರು 25 ಮಿ.ಲೀ. ಹಾಲು; ಆದರೆ ಅಷ್ಟು ತೂಕದ ಮರಿಯ ಹೊಟ್ಟೆ ಒಂದು ಸಲಕ್ಕೆ ಹಿಡಿಯುವುದು ನಾಲ್ಕು ಮಿ.ಲೀ. ಮಾತ್ರ. ಮೊದಲ ವಾರ ಎರಡು ಮೂರು ಗಂಟೆಗೊಮ್ಮೆ, ರಾತ್ರಿಯೂ ಸೇರಿ. ಎರಡನೆಯ ವಾರ ಮೂರು ನಾಲ್ಕು ಗಂಟೆಗೆ. ಮೂರನೆಯ ವಾರ ನಾಲ್ಕೈದು ಗಂಟೆಗೆ. ಹುಟ್ಟಿದಾಗ 100 ಗ್ರಾಂ ಆಸುಪಾಸು ಇರುವ ಮರಿ ದಿನಕ್ಕೆ 10–15 ಗ್ರಾಂ ಏರಬೇಕು. ದಿನವೂ ಒಂದೇ ಹೊತ್ತಿಗೆ ತೂಗಿ ಬರೆದಿಡಿ. ತೂಕ ಏರುತ್ತಿದ್ದೂ ಮರಿ ಅತ್ತರೆ ಕಾರಣ ಹಸಿವಲ್ಲ, ಬೇರೆ ಹುಡುಕಬೇಕು. ಇಡೀ ದಿನ ತೂಕ ಏರದಿದ್ದರೆ, ಮರಿ ಸದ್ದಿಲ್ಲದೆ ಮಲಗಿದ್ದರೂ ವೈದ್ಯರಲ್ಲಿಗೆ.

ಬಾಟಲಿಯ ಬಗ್ಗೆ ಒಂದು ದೂರು. ಬಿಡಿಯಾಗಿ ಸಿಗುವ ಅಗ್ಗದ ಸೆಟ್‌ಗಳ ನಿಪ್ಪಲ್‌ಗಳಲ್ಲಿ ಹಲವಕ್ಕೆ ತೂತೇ ಇರುವುದಿಲ್ಲ, ಇದು ಗೊತ್ತಿಲ್ಲದೆ ಮರಿ ಖಾಲಿ ಚೀಪಿ ಚೀಪಿ ಸುಸ್ತಾಗಿ ಅಳುತ್ತದೆ. ಕಾಯಿಸಿದ ಸೂಜಿಯಿಂದ ಸಣ್ಣ ತೂತು ಮಾಡಿ ಬಾಟಲಿ ತಲೆಕೆಳಗೆ ಹಿಡಿಯಿರಿ. ಹನಿ ಹನಿಯಾಗಿ ನಿಧಾನ ಬೀಳಬೇಕು. ಧಾರೆ ಸುರಿದರೆ ಆ ನಿಪ್ಪಲ್ ಎಸೆದುಬಿಡಿ, ಹಾಲು ಶ್ವಾಸನಾಳಕ್ಕೆ ಹೋಗುತ್ತದೆ. ಕುಡಿಸುವಾಗ ಮಗುವನ್ನು ಮಲಗಿಸಿದಂತೆ ಅಂಗಾತ ಮಲಗಿಸಲೇಬಾರದು. ಹೊಟ್ಟೆ ಕೆಳಗಾಗಿ, ತಲೆ ಸ್ವಲ್ಪ ಮೇಲಕ್ಕೆ, ತಾಯಿಯ ಹತ್ತಿರ ಕುಡಿಯುವ ಭಂಗಿಯಲ್ಲೇ ಇರಲಿ. ಬಾಟಲಿ ಒತ್ತಬೇಡಿ, ಮರಿಯೇ ಚೀಪಲಿ. ಮೂಗಿನಲ್ಲಿ ಹಾಲಿನ ಗುಳ್ಳೆ ಬಂದರೆ ತಕ್ಷಣ ನಿಲ್ಲಿಸಿ, ತಲೆ ತಗ್ಗಿಸಿ ಒರೆಸಿ.

ಕುಡಿದಾದ ಮೇಲೂ ಅಳುವ ಮರಿಗೆ ಬೇಕಾದ್ದು ಬೆಚ್ಚನೆಯ ನೀರಿನಲ್ಲಿ ಅದ್ದಿದ ಹತ್ತಿ. ಮೂರು ವಾರದವರೆಗೆ ಮರಿ ತಾನಾಗಿ ಉಚ್ಚೆ, ಕಕ್ಕಸು ಮಾಡಲಾರದು. ತಾಯಿ ನೆಕ್ಕಿ ಮಾಡಿಸುತ್ತದೆ. ಪ್ರತಿ ಸಲ ಕುಡಿಸಿದ ಮೇಲೆ ಬಾಲದ ಕೆಳಗೆ ಹತ್ತಿಯಿಂದ ಮೆಲ್ಲಗೆ ಸವರಿದರೆ ಅರೆ ನಿಮಿಷದಲ್ಲಿ ಉಚ್ಚೆ ಬರುತ್ತದೆ. ಇದನ್ನು ಮಾಡದೆ ಹಾಲಷ್ಟೇ ಕೊಟ್ಟವರ ಮರಿ ಹೊಟ್ಟೆ ಬಿಗಿದು ಅಳುತ್ತದೆ. ಅವರು ಅದನ್ನು ಹಸಿವೆಂದುಕೊಂಡು ಇನ್ನಷ್ಟು ಕುಡಿಸುತ್ತಾರೆ.

ಕೊಟ್ಟಿಗೆ, ಆಲೆಮನೆಯ ಮೂಲೆ, ಹುಲ್ಲಿನ ಮೆದೆಯಿಂದ ತಂದ ಮರಿಗಳಲ್ಲಿ ಚಿಗಟ ಮತ್ತು ಜಂತುಹುಳು ಇದ್ದೇ ಇರುತ್ತವೆ ಎಂದುಕೊಳ್ಳಿ. ಒಸಡು ಬಿಳಿಚಿದ್ದರೆ ಚಿಗಟ ರಕ್ತ ಹೀರಿರಬಹುದು. ದಟ್ಟ ಹಲ್ಲಿನ ಬಾಚಣಿಗೆಯಿಂದ ತೆಗೆಯಿರಿ. ನಾಯಿಗೆ ಹಾಕುವ ಪೌಡರ್, ಹನಿಮದ್ದು ಬೇಡ. ಅವುಗಳಲ್ಲಿ ಕೆಲವದರಲ್ಲಿರುವ ಪರ್ಮೆಥ್ರಿನ್ ಎಂಬ ಕೀಟನಾಶಕ ಬೆಕ್ಕನ್ನು ಕೊಲ್ಲುತ್ತದೆ. ಡಬ್ಬದ ಸುತ್ತ ಫಿನಾಯಿಲ್, ಡೆಟಾಲ್ ಹಾಕಿ ಒರೆಸುವುದೂ ಬೇಡ. ಅಳುವ ಮರಿಗೆ ಪ್ಯಾರಾಸಿಟಮಾಲ್ ಎಂಬ ಯೋಚನೆಯೂ ಬರಬಾರದು. ಬೆಕ್ಕಿಗೆ ಅದು ವಿಷ. ಹುಳದ ಮದ್ದನ್ನು ಎರಡನೆಯ ವಾರದಿಂದಲೇ, ವೈದ್ಯರು ತೂಕ ನೋಡಿ ಹೇಳಿದಷ್ಟೇ ಕೊಡಬೇಕು.

ಇಲ್ಲೊಂದು ಮಾತು ಸೇರಿಸಲೇಬೇಕು. ಮರಿಗಳು ಅಳುತ್ತಿವೆ ಎಂದಾಕ್ಷಣ ಎತ್ತಿಕೊಂಡು ಬರಬೇಡಿ. ತಾಯಿಬೆಕ್ಕು ಒಂದೊಂದಾಗಿ ಮರಿ ಸಾಗಿಸುವಾಗ ಉಳಿದವು ಅಳುವುದು ಸಹಜ. ಮರಿ ಬೆಚ್ಚಗಿದ್ದು ನಾಯಿಯ ಭಯ ಇಲ್ಲದಿದ್ದರೆ ಕೆಲವು ಗಂಟೆ ದೂರದಿಂದ ಕಾಯಿರಿ. ಯಾವ ಪುಡಿಯೂ ತಾಯಿಯ ಹಾಲಿಗೆ ಸಮವಲ್ಲ. ಮೊದಲ ದಿನದ ಗಿಣ್ಣುಹಾಲಿನಿಂದ ಬರುವ ರೋಗನಿರೋಧಕ ಶಕ್ತಿ ಪೊಟ್ಟಣದಲ್ಲಿ ಸಿಗುವುದಿಲ್ಲ.

ಎಂಟು ವಾರ ತುಂಬಿ ಹೊಸಮನೆಗೆ ಬಂದ ಮರಿಯ ಅಳು ಬೇರೆಯೇ. ಅದಕ್ಕೆ ಹಾಲಿನ ಪುಡಿ ತರುವುದು ದುಡ್ಡು ದಂಡ. ಅದು ತಾಯಿ, ಒಡಹುಟ್ಟುಗಳನ್ನು ಕರೆಯುತ್ತಿರುತ್ತದೆ. ತಾಯಿ ಮಲಗಿದ್ದ ಬಟ್ಟೆಯ ತುಂಡು, ಒಂದೇ ಕೋಣೆ, ಉಚ್ಚೆ ಕಕ್ಕಸಿಗೆ ಮಣ್ಣು ತುಂಬಿದ ಟ್ರೇ, ರಾತ್ರಿ ಮಲಗುವ ಮುಂಚೆ ಕಾಲು ಗಂಟೆ ಆಟ, ಆಮೇಲೆ ಹೊಟ್ಟೆತುಂಬ ಮರಿಗಳ ಆಹಾರ. ಕೆಲವು ರಾತ್ರಿಗಳಲ್ಲಿ ಅಳು ಇಳಿಯುತ್ತದೆ. ಉಚ್ಚೆ ಮಾಡಲು ಕೂತಾಗಲೇ ಅತ್ತರೆ, ಕಣ್ಣು ಮೂಗು ಸೋರಿದರೆ, ವಾಂತಿಯಾಗಿ ಊಟ ಬಿಟ್ಟರೆ ಕಾಯಬೇಡಿ. ಲಸಿಕೆ ಆರರಿಂದ ಎಂಟು ವಾರದಲ್ಲಿ ಶುರು.

ಮೂರೂವರೆ, ನಾಲ್ಕು ವಾರಕ್ಕೆ ಮರಿ ನಿಪ್ಪಲ್ ಚೀಪುವುದು ಬಿಟ್ಟು ಕಚ್ಚಲು ಶುರುಮಾಡುತ್ತದೆ. ಹಲ್ಲು ಬಂದಿದೆ ಎಂದರ್ಥ. ಕಚ್ಚಿದ ತುಂಡು ಗಂಟಲಿಗೆ ಹೋಗಬಹುದು, ಆದ್ದರಿಂದ ನಿಪ್ಪಲ್ ದಿನವೂ ಪರೀಕ್ಷಿಸಿ. ಅಲ್ಲಿಂದ ಚಪ್ಪಟೆ ತಟ್ಟೆಯಲ್ಲಿ ಇದೇ ಹಾಲಿಗೆ ಮರಿಗಳ ಮೆತ್ತನೆ ಆಹಾರ ಕಲಸಿ ಇಡಿ, ಪಕ್ಕದಲ್ಲಿ ನೀರಿಡಿ. ಎರಡನೆಯ ಪೊಟ್ಟಣ ಕೊಳ್ಳುವ ಮುಂಚೆ ಮರಿಯ ವಾರ ಎಣಿಸಿ ನೋಡಿ. ಐದು ದಾಟಿದ್ದರೆ ಬೇಕಾಗಲಿಕ್ಕಿಲ್ಲ.